ಬಿಳಿ ಅನ್ನ, ಮೈದಾ ಮತ್ತು ಕ್ಯಾನ್ಸರ್: ಅಡುಗೆಮನೆಯಲ್ಲಿ ಏನು ಬದಲಿಸಬೇಕು, ಹೇಗೆ?

"ಬಿಳಿ ಅನ್ನ ತಿಂದರೆ ಕ್ಯಾನ್ಸರ್ ಬರುತ್ತೆ" ಅನ್ನುವ ಮೆಸೇಜ್ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಸಿರಿಧಾನ್ಯ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತೆ." ಎರಡೂ ನಿಜವಲ್ಲ. ಮೊದಲನೆಯದು ಸುಮ್ನೆ ಹೆದರಿಸುತ್ತದೆ. ಎರಡನೆಯದು ಅದಕ್ಕಿಂತ ಅಪಾಯ, ಏಕೆಂದರೆ ಅದನ್ನು ನಂಬಿ ಚಿಕಿತ್ಸೆ ಬಿಟ್ಟವರು ಅಮೂಲ್ಯವಾದ ಸಮಯ ಕಳೆದುಕೊಳ್ಳುತ್ತಾರೆ.

ಹಾಗಂತ ವಿಷಯವೇ ಇಲ್ಲ ಎಂದಲ್ಲ. ತೌಡು ತೆಗೆದ ಧಾನ್ಯದ ಬದಲು ಇಡೀ ಧಾನ್ಯ ತಿನ್ನುವುದರಿಂದ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಕಡಿಮೆಯಾಗುತ್ತದೆ ಎನ್ನುವುದಕ್ಕೆ ಒಳ್ಳೆಯ ಆಧಾರವಿದೆ. ಅದನ್ನು ನಮ್ಮ ಮನೆಯ ಊಟದಲ್ಲಿ ಹೇಗೆ ತರಬಹುದು ಎಂದು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಶುರು ಮಾಡುವ ಮುಂಚೆ: ನಿಜವಾಗಿ ಗೊತ್ತಿರುವುದು ಏನು?

ಯಾವುದೇ ಕಾಳನ್ನು ತೆಗೆದುಕೊಳ್ಳಿ. ಹೊರಗೆ ತೌಡಿನ ಪದರ, ಒಂದು ತುದಿಯಲ್ಲಿ ಮೊಳಕೆ ಒಡೆಯುವ ಭಾಗ, ಮಧ್ಯದಲ್ಲಿ ಪಿಷ್ಟ. ನಾರು, ಖನಿಜ, ವಿಟಮಿನ್ ಹೆಚ್ಚಾಗಿ ಇರುವುದು ಮೊದಲ ಎರಡರಲ್ಲಿ. ಅಕ್ಕಿಗೆ ಪಾಲಿಶ್ ಹಾಕಿದಾಗ, ಗೋಧಿಯನ್ನು ಮೈದಾ ಮಾಡಿದಾಗ ಅವೆರಡೂ ಹೋಗುತ್ತವೆ. ಉಳಿಯುವುದು ಹೆಚ್ಚುಕಡಿಮೆ ಪಿಷ್ಟ ಮಾತ್ರ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಜೋಳದಲ್ಲಿ ಸುಮಾರು 10, ಸಜ್ಜೆಯಲ್ಲಿ ಮತ್ತು ಇಡೀ ಗೋಧಿ ಹಿಟ್ಟಿನಲ್ಲಿ 11ಕ್ಕೆ ಸ್ವಲ್ಪ ಜಾಸ್ತಿ. ಬಿಳಿ ಅಕ್ಕಿ ಮತ್ತು ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ.

ಈ ನಾರು ನಮಗೆ ಜೀರ್ಣವಾಗುವುದಿಲ್ಲ, ಆದರೆ ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ಅದನ್ನು ಹುದುಗಿಸಿ ಬ್ಯೂಟಿರೇಟ್ ಎಂಬ ವಸ್ತುವನ್ನು ತಯಾರಿಸುತ್ತವೆ. ಕರುಳಿನ ಒಳಗೋಡೆಯ ಜೀವಕೋಶಗಳು ಶಕ್ತಿಗೆ ನಂಬಿಕೊಂಡಿರುವುದು ಮುಖ್ಯವಾಗಿ ಇದನ್ನೇ. ಜೊತೆಗೆ ಮಲ ಹೆಚ್ಚು ಹೊತ್ತು ಒಳಗೆ ನಿಲ್ಲುವುದಿಲ್ಲ. ಹಾನಿಕಾರಕ ವಸ್ತುಗಳು ಕರುಳಿನ ಗೋಡೆಗೆ ತಾಗಿಕೊಂಡಿರುವ ಸಮಯ ಕಡಿಮೆಯಾಗುತ್ತದೆ. ಈ ಯೋಚನೆ ಹೊಸದೇನಲ್ಲ. ಉಗಾಂಡದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಐರಿಷ್ ಸರ್ಜನ್ ಡೆನಿಸ್ ಬರ್ಕಿಟ್, ಅಲ್ಲಿನ ಹಳ್ಳಿ ಜನರಲ್ಲಿ ಕರುಳಿನ ಕ್ಯಾನ್ಸರ್ ತೀರಾ ಅಪರೂಪ ಎಂಬುದನ್ನು ಗಮನಿಸಿ, ಅವರ ನಾರು ತುಂಬಿದ ಊಟವೇ ಕಾರಣವಿರಬಹುದು ಎಂದು 1971ರಲ್ಲೇ ಬರೆದರು.

ಆಮೇಲೆ ಬಂದ ದೊಡ್ಡ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ, ದಿನಕ್ಕೆ 90 ಗ್ರಾಂ ಇಡೀ ಧಾನ್ಯದ ಆಹಾರ ತಿಂದರೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಅಪಾಯ ಸುಮಾರು 17 ಶೇಕಡಾ ಕಡಿಮೆ ಎಂದು ಹೇಳಿದೆ. ಈ 17ನ್ನು ಸರಿಯಾಗಿ ಓದಿಕೊಳ್ಳಬೇಕು. ತಿಂದ ನೂರು ಜನರಲ್ಲಿ 17 ಜನ ಬಚಾವ್ ಎಂದು ಇದರ ಅರ್ಥವಲ್ಲ. ಒಂದು ದೊಡ್ಡ ಊರಿನಲ್ಲಿ 100 ಜನಕ್ಕೆ ಈ ಕ್ಯಾನ್ಸರ್ ಬರುವ ಕಡೆ ಅದು 83ಕ್ಕೆ ಇಳಿಯಬಹುದು, ಅಷ್ಟೇ. ಇಡೀ ಧಾನ್ಯ ತಿನ್ನುವವರು ಸಾಮಾನ್ಯವಾಗಿ ನಡಿಗೆ, ವ್ಯಾಯಾಮ ಮಾಡುವವರೂ ಆಗಿರುತ್ತಾರೆ. ಹಾಗಾಗಿ ಆ ಸಂಸ್ಥೆ "ಖಂಡಿತ" ಎನ್ನದೆ "ಬಹುಮಟ್ಟಿಗೆ" ಎಂಬ ದರ್ಜೆ ಕೊಟ್ಟಿದೆ.

ಹಾಗಾದರೆ ಬಿಳಿ ಅನ್ನವೇ ಕ್ಯಾನ್ಸರ್ ತರುತ್ತದಾ? ಹಾಗೆ ಹೇಳುವಷ್ಟು ಆಧಾರವಿಲ್ಲ. ಅದೇ ಸಂಸ್ಥೆಯ 2018ರ ವರದಿ ತೌಡು ತೆಗೆದ ಧಾನ್ಯದ ಬಗ್ಗೆ ಯಾವ ತೀರ್ಮಾನಕ್ಕೂ ಬಂದಿಲ್ಲ. ಅಮೆರಿಕದ ನರ್ಸುಗಳು ಮತ್ತು ಆರೋಗ್ಯ ಕ್ಷೇತ್ರದ ಗಂಡಸರನ್ನು ದಶಕಗಳ ಕಾಲ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಕ್ಕಿಗೂ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಅಲ್ಲಿನವರು ತಿನ್ನುವ ಅನ್ನ ನಮ್ಮದಕ್ಕೆ ಹೋಲಿಸಿದರೆ ತೀರಾ ಕಡಿಮೆ ಅನ್ನುವುದನ್ನೂ ನೆನಪಿಡಿ.

ಅಪಾಯ ಬರುವುದು ಸುತ್ತು ದಾರಿಯಲ್ಲಿ. ಬೇಗ ಸಕ್ಕರೆಯಾಗುವ ಪಿಷ್ಟವನ್ನು ದಿನಾ ಜಾಸ್ತಿ ತಿಂದು, ಓಡಾಟ ಕಡಿಮೆಯಾದರೆ ಹೊಟ್ಟೆ ಬರುತ್ತದೆ, ಇನ್ಸುಲಿನ್ ಏರುತ್ತದೆ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅತಿಯಾದ ಬೊಜ್ಜಿಗೂ 13 ಬಗೆಯ ಕ್ಯಾನ್ಸರಿಗೂ ನಂಟಿದೆ ಎಂದು ಪಟ್ಟಿ ಮಾಡಿತು. ದೊಡ್ಡ ಕರುಳು, ಮುಟ್ಟು ನಿಂತ ಮೇಲಿನ ಸ್ತನ ಕ್ಯಾನ್ಸರ್, ಗರ್ಭಕೋಶದ ಒಳಪದರ, ಪಿತ್ತಕೋಶ, ಮೇದೋಜೀರಕ ಗ್ರಂಥಿ ಎಲ್ಲ ಅದರಲ್ಲಿವೆ. ನನ್ನ ಪ್ರಕಾರ ಭಯಪಡಬೇಕಾದ್ದು ಅನ್ನಕ್ಕಲ್ಲ. ಅನ್ನವೇ ತಟ್ಟೆಯೆಲ್ಲ ತುಂಬಿಕೊಂಡು ಬೇರೆಯದಕ್ಕೆ ಜಾಗವೇ ಇಲ್ಲದ ಹಾಗಾಗಿರುವುದಕ್ಕೆ.

ಹೆಜ್ಜೆ 1: ತಿಂಗಳ ಅಕ್ಕಿ ಲೆಕ್ಕ ಹಾಕಿ

ಏನನ್ನೂ ಬದಲಿಸುವ ಮೊದಲು ಒಂದು ಪೆನ್ನು, ಹಾಳೆ ಹಿಡಿದು ಕೂರಿ. ತಿಂಗಳಿಗೆ ಮನೆಗೆ ಎಷ್ಟು ಅಕ್ಕಿ ಬರುತ್ತದೆ? ನಾಲ್ಕು ಜನರ ಮನೆಗೆ 20 ಕಿಲೋ ಎಂದಿಟ್ಟುಕೊಳ್ಳಿ. ನಾಲ್ಕರಿಂದ ಭಾಗಿಸಿ, ಮತ್ತೆ 30 ದಿನಕ್ಕೆ ಹಂಚಿ. ಒಬ್ಬರಿಗೆ ದಿನಕ್ಕೆ ಸುಮಾರು 165 ಗ್ರಾಂ ಅಕ್ಕಿ ಆಯಿತು. ಬೆಂದ ಮೇಲೆ ಅದು ಎರಡೂವರೆಯಿಂದ ಮೂರು ಪಟ್ಟು ತೂಗುತ್ತದೆ. ಅಂದರೆ 400ರಿಂದ 500 ಗ್ರಾಂ ಅನ್ನ. ದೋಸೆ, ಇಡ್ಲಿಗೆ ಹೋಗುವ ಅಕ್ಕಿಯೂ ಇದರಲ್ಲೇ ಸೇರಿದೆ.

ಈ ಅಂಕಿ ಯಾಕೆ ಮುಖ್ಯ ಅಂದರೆ, 21 ದೇಶಗಳ 1.3 ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಪ್ಯೂರ್ ಅಧ್ಯಯನ 2020ರಲ್ಲಿ ಒಂದು ವಿಷಯ ತೋರಿಸಿತು. ದಿನಕ್ಕೆ 150 ಗ್ರಾಂಗಿಂತ ಕಡಿಮೆ ಬಿಳಿ ಅನ್ನ ತಿನ್ನುವವರಿಗಿಂತ 450 ಗ್ರಾಂ ಅಥವಾ ಹೆಚ್ಚು ತಿನ್ನುವವರಿಗೆ ಸಕ್ಕರೆ ಕಾಯಿಲೆ ಬರುವ ಅಪಾಯ ಒಟ್ಟಾರೆ 20 ಶೇಕಡಾ ಜಾಸ್ತಿ. ನಮ್ಮ ದಕ್ಷಿಣ ಏಷ್ಯಾದಲ್ಲಿ ಅದು 61 ಶೇಕಡಾ. ಇದು ಸಕ್ಕರೆ ಕಾಯಿಲೆಯ ಲೆಕ್ಕ, ಕ್ಯಾನ್ಸರಿನದಲ್ಲ. ಆದರೆ ಯಕೃತ್ತು, ಮೇದೋಜೀರಕ ಗ್ರಂಥಿ, ಗರ್ಭಕೋಶ, ಕರುಳಿನ ಕ್ಯಾನ್ಸರುಗಳು ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು ಕಾಣುತ್ತವೆ. ಆ ಸುತ್ತು ದಾರಿ ಎಂದೆನಲ್ಲ, ಅದು ಇದೇ.

ನಾರಿನ ಲೆಕ್ಕವನ್ನೂ ಪಕ್ಕದಲ್ಲೇ ಬರೆಯಿರಿ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೇಲೆ ಹೇಳಿದ 165 ಗ್ರಾಂ ಬಿಳಿ ಅಕ್ಕಿಯಿಂದ ಸಿಗುವುದು 5 ಗ್ರಾಂಗಿಂತ ಕಡಿಮೆ.

ಹೆಜ್ಜೆ 2: ಒಂದೇ ಒಂದು ಹೊತ್ತು ಬದಲಿಸಿ

ಮೂರು ಹೊತ್ತೂ ಒಮ್ಮೆಗೇ ಬದಲಿಸಲು ಹೋದರೆ ಎರಡು ವಾರದಲ್ಲಿ ಮನೆಯವರು ಬೇಸತ್ತು ಹೋಗುತ್ತಾರೆ. ಒಂದು ಹೊತ್ತು ಆರಿಸಿಕೊಳ್ಳಿ, ಅದನ್ನು ಗಟ್ಟಿ ಮಾಡಿ. ಅದೂ ನಿಮ್ಮ ಊರಿನ ರೂಢಿಗೆ ಹೊಂದುವುದನ್ನೇ ಆರಿಸಿ.

ಮಂಡ್ಯ, ಹಾಸನ, ತುಮಕೂರು, ಕೋಲಾರದ ಕಡೆಯವರಿಗೆ ನಾನು ಹೊಸದಾಗಿ ಹೇಳಬೇಕಾದ್ದು ಏನೂ ಇಲ್ಲ. ಮುದ್ದೆ ಇದೆಯಲ್ಲ! ಒಂದು ಮಧ್ಯಮ ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಹಿಡಿಯುತ್ತದೆ. ಅಂದರೆ 9ರಿಂದ 11 ಗ್ರಾಂ ನಾರು, ಒಂದೇ ಉಂಡೆಯಲ್ಲಿ. ಇಡೀ ಧಾನ್ಯದ ಆ 90 ಗ್ರಾಂ ಲೆಕ್ಕವೂ ಅಲ್ಲೇ ಮುಗಿಯಿತು. ಬೆಂಗಳೂರಿಗೆ ಬಂದ ಮೇಲೆ ಮುದ್ದೆಯನ್ನು ಭಾನುವಾರದ ಬಾಡೂಟಕ್ಕೆ ಮಾತ್ರ ಇಟ್ಟುಕೊಂಡ ಮನೆಗಳು ಬಹಳ. ಅದನ್ನು ವಾರದ ದಿನದ ರಾತ್ರಿ ಊಟಕ್ಕೆ ವಾಪಸ್ ತನ್ನಿ, ಸಾಕು. ಮಕ್ಕಳು ನುಂಗಲು ಹಟ ಮಾಡಿದರೆ ಈರುಳ್ಳಿ, ನುಗ್ಗೆಸೊಪ್ಪು ಹಾಕಿದ ರಾಗಿ ರೊಟ್ಟಿ ಮಾಡಿ ಕೊಡಿ.

ವಿಜಯಪುರ, ಕಲಬುರಗಿ, ರಾಯಚೂರಿನ ಕಡೆ ಜೋಳದ ರೊಟ್ಟಿಯೇ ಊಟ. ಎರಡು ರೊಟ್ಟಿಗೆ ಸುಮಾರು 100 ಗ್ರಾಂ ಹಿಟ್ಟು, 10 ಗ್ರಾಂ ನಾರು. ಬಡಿಯಲು ಬರದವರು ಹೆದರಬೇಡಿ. ಕುದಿಯುವ ನೀರಿಗೆ ಸ್ವಲ್ಪ ಉಪ್ಪು ಹಾಕಿ, ಹಿಟ್ಟು ಸುರಿದು, ಮುಚ್ಚಿ ಐದು ನಿಮಿಷ ಬಿಡಿ. ಬಿಸಿ ಇರುವಾಗಲೇ ಚೆನ್ನಾಗಿ ನಾದಿದರೆ ಲಟ್ಟಣಿಗೆಯಲ್ಲೂ ಒಡೆಯದೆ ಬರುತ್ತದೆ. ಅದಕ್ಕೂ ಸಮಯವಿಲ್ಲ ಎನ್ನುವವರಿಗೆ ಖಡಕ್ ರೊಟ್ಟಿ ಇದೆ. ಒಣ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. ಒಬ್ಬರೇ ರೂಮಿನಲ್ಲಿರುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಸುಲಭದ ಇಡೀ ಧಾನ್ಯ ನನಗೆ ಗೊತ್ತಿಲ್ಲ. ಮೊಸರು, ಶೇಂಗಾ ಚಟ್ನಿಪುಡಿ, ಒಂದು ಸೌತೆಕಾಯಿ ಇದ್ದರೆ ಊಟವಾಯಿತು.

ಮಂಗಳೂರು, ಉಡುಪಿ ಕಡೆಯವರು ಕೆಂಪು ಕುಚಲಕ್ಕಿ ಗಂಜಿಗೆ ಮರಳಿದರೆ ಒಳ್ಳೆಯದು. ಆದರೆ ಕುಚಲಕ್ಕಿ ಅಂದ ಮಾತ್ರಕ್ಕೆ ತೌಡು ಇದೆ ಎಂದಲ್ಲ. ಅದರಲ್ಲೂ ಪಾಲಿಶ್ ಹಾಕಿದ ಬಿಳಿ ಕುಚಲಕ್ಕಿ ಬರುತ್ತದೆ. ಕಾಳಿನ ಮೇಲೆ ಕೆಂಪು ಪದರ ಕಾಣುವುದನ್ನು ಕೊಳ್ಳಿ.

ಹೆಜ್ಜೆ 3: ಗಿರಣಿಯಲ್ಲಿ ಮತ್ತು ಜರಡಿಯ ಹತ್ತಿರ ಎಚ್ಚರ

ರಾಗಿ, ಗೋಧಿ ಬೀಸಿಸಿಕೊಂಡು ಬಂದು ಮನೆಯಲ್ಲಿ ಸಣ್ಣ ಕಣ್ಣಿನ ವಂದರಿಯಲ್ಲಿ ಜಾಲಿಸಿ, ಮೇಲೆ ಉಳಿದ ತೌಡನ್ನು ಹಸುವಿಗೆ ಹಾಕುವುದು ಹಳೆಯ ಅಭ್ಯಾಸ. ಹಸುವಿಗೆ ಒಳ್ಳೆಯದೇ. ಆದರೆ ನಾವು ದುಡ್ಡು ಕೊಟ್ಟು ತಂದ ನಾರಿನಲ್ಲಿ ಬಹಳಷ್ಟು ಅಲ್ಲೇ ಹೋಯಿತು. ಕಲ್ಲು, ಕಸವನ್ನು ಕಾಳಿರುವಾಗಲೇ ಆರಿಸಿ, ತೊಳೆದು ಒಣಗಿಸಿ. ಬೀಸಿದ ಮೇಲೆ ಜಾಲಿಸಬೇಡಿ. ಜಾಲಿಸಲೇಬೇಕೆಂದರೆ ದೊಡ್ಡ ಕಣ್ಣಿನ ಜರಡಿ ಸಾಕು.

ಇಡೀ ಧಾನ್ಯ ಎಂದಾಕ್ಷಣ ಎಷ್ಟು ಬೇಕಾದರೂ ತಿನ್ನಬಹುದು ಎಂದಲ್ಲ. ನುಣ್ಣಗೆ ಬೀಸಿ ತೆಳ್ಳಗೆ ಕಾಯಿಸಿ ಬೆಲ್ಲ ಹಾಕಿದ ರಾಗಿ ಮಾಲ್ಟ್ ಕೂಡ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಸಕ್ಕರೆ ಕಾಯಿಲೆ ಇರುವವರು ಅದರ ಬದಲು ಮುದ್ದೆ, ರೊಟ್ಟಿಯನ್ನು ಸೊಪ್ಪು, ಕಾಳಿನ ಜೊತೆ ಅಳತೆಯಲ್ಲಿ ತಿನ್ನಲಿ.

ಹೆಜ್ಜೆ 4: ಅಕ್ಕಿ, ಸಿರಿಧಾನ್ಯ ಕೊಳ್ಳುವಾಗ ಕಣ್ಣು ಬಿಟ್ಟು ನೋಡಿ

ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಆಚರಿಸಿದ ಮೇಲೆ ನವಣೆ, ಸಾಮೆ, ಹಾರಕ, ಊದಲು, ಕೊರಲೆ ಎಲ್ಲ ಅಂಗಡಿಗಳಲ್ಲೂ ಸಿಗುತ್ತಿವೆ. ಆದರೆ ಅಕ್ಕಿಯ ಹಾಗೆ ಇವಕ್ಕೂ ಪಾಲಿಶ್ ಹಾಕುತ್ತಾರೆ. ಬೆಳ್ಳಗೆ ಹೊಳೆಯುವ ಸಾಮೆ ತಿಂದರೆ ಬಿಳಿ ಅಕ್ಕಿಗಿಂತ ದೊಡ್ಡ ಲಾಭವೇನಿಲ್ಲ, ಬೆಲೆ ಮಾತ್ರ ಜಾಸ್ತಿ. ಪಾಲಿಶ್ ಇಲ್ಲದ ನವಣೆ ಮಂಕಾದ ಹಳದಿ ಕಂದು ಬಣ್ಣಕ್ಕಿರುತ್ತದೆ, ಮುಟ್ಟಿದರೆ ಸ್ವಲ್ಪ ಒರಟು. ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ, ಹುಳವೂ ಬೇಗ ಬೀಳುತ್ತದೆ. ಹಾಗಾಗಿ ಒಂದು ತಿಂಗಳಿಗೆ ಆಗುವಷ್ಟು ಮಾತ್ರ ತನ್ನಿ. ಬೇಯಿಸುವ ಮುಂಚೆ ಐದಾರು ಗಂಟೆ ನೆನೆಸಿ.

ಅನ್ನ ಬಿಡಲಾಗದವರಿಗೆ ಬೆರಕೆ ದಾರಿ ಇದೆ. ಕಂದು ಅಕ್ಕಿ ಅಥವಾ ಪಾಲಿಶ್ ಇಲ್ಲದ ರಾಜಮುಡಿಯನ್ನು ರಾತ್ರಿಯೇ ನೆನೆಸಿಡಿ. ಬೆಳಿಗ್ಗೆ ಮೂರು ಪಾಲು ಸೋನಾ ಮಸೂರಿಗೆ ಒಂದು ಪಾಲು ಇದನ್ನು ಸೇರಿಸಿ ಕುಕ್ಕರಿಗೆ ಇಡಿ. ನೆನೆದಿರುವುದರಿಂದ ಎರಡೂ ಒಟ್ಟಿಗೆ ಬೇಯುತ್ತವೆ. ಎರಡು ಮೂರು ವಾರಕ್ಕೊಮ್ಮೆ ಪಾಲು ಏರಿಸುತ್ತಾ ಅರ್ಧಕ್ಕರ್ಧ ತನ್ನಿ. ಇಡ್ಲಿ, ದೋಸೆಯಲ್ಲಿ ಬದಲಾವಣೆ ಇನ್ನೂ ಸುಲಭ. ಮೂರು ಲೋಟ ಅಕ್ಕಿ ಹಾಕುವ ಕಡೆ ಎರಡು ಲೋಟ ನವಣೆ, ಒಂದು ಲೋಟ ಅಕ್ಕಿ ಹಾಕಿ. ಉದ್ದಿನಬೇಳೆ ಎಂದಿನಷ್ಟೇ ಇರಲಿ. ಹಿಟ್ಟು ಚೆನ್ನಾಗಿ ಹುದುಗುತ್ತದೆ, ಚಟ್ನಿ ಜೊತೆ ತಿನ್ನುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಕಂದು ಅಕ್ಕಿಯಲ್ಲಿ ಆರ್ಸೆನಿಕ್ ಎಂಬ ವಿಷವಸ್ತು ಜಾಸ್ತಿ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಆರ್ಸೆನಿಕ್ ತೌಡಿನಲ್ಲೇ ಹೆಚ್ಚು ಸೇರುತ್ತದೆ, ಅದು ಕ್ಯಾನ್ಸರ್ ತರುವ ವಸ್ತುವೂ ಹೌದು. ಉಪಾಯ ನಮ್ಮಜ್ಜಿಯರ ಅಡುಗೆಯಲ್ಲೇ ಇದೆ. ಅಕ್ಕಿಯ ಆರರಿಂದ ಹತ್ತು ಪಟ್ಟು ನೀರಿನಲ್ಲಿ ಬೇಯಿಸಿ ಬಸಿದರೆ ಅದರಲ್ಲಿ ಸುಮಾರು ಅರ್ಧದಷ್ಟು ನೀರಿನೊಂದಿಗೆ ಹೋಗುತ್ತದೆ. ಕೆಲವು ಬಿ ವಿಟಮಿನ್ನುಗಳೂ ಜೊತೆಗೆ ಹೋಗುತ್ತವೆ, ಕಾಳು ಸೊಪ್ಪಿನಿಂದ ಅದನ್ನು ತುಂಬಿಕೊಳ್ಳಬಹುದು. ಅಕ್ಕಿಯೊಂದನ್ನೇ ನೆಚ್ಚಿಕೊಳ್ಳದೆ ರಾಗಿ, ಜೋಳ ಬೆರೆಸಿಕೊಂಡರೆ ಈ ಚಿಂತೆ ಇನ್ನೂ ಕಡಿಮೆ.

ಹೆಜ್ಜೆ 5: ಮೈದಾ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಿ

ಅನ್ನದ ವಿಷಯದಲ್ಲಿ ನಾನು ಮೆತ್ತಗೆ ಮಾತಾಡಿದೆ. ಮೈದಾ ವಿಷಯದಲ್ಲಿ ಅಷ್ಟು ಮೆತ್ತಗಿಲ್ಲ. ಅನ್ನದ ಜೊತೆ ಸಾರು, ಪಲ್ಯ, ಮೊಸರಾದರೂ ಇರುತ್ತದೆ. ಬೇಕರಿಯ ಮೈದಾ ಜೊತೆ ಬರುವುದು ಸಕ್ಕರೆ, ಡಾಲ್ಡಾ, ಉಪ್ಪು. ಫ್ರಾನ್ಸಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಫ್ಯಾಕ್ಟರಿಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರದ ಪಾಲು ಊಟದಲ್ಲಿ 10 ಶೇಕಡಾ ಏರಿದಂತೆ ಒಟ್ಟು ಕ್ಯಾನ್ಸರ್ ಅಪಾಯ ಸುಮಾರು 12 ಶೇಕಡಾ ಜಾಸ್ತಿ ಕಂಡಿತು. ಬಿಸ್ಕತ್ತು, ಪ್ಯಾಕೆಟ್ ಕೇಕ್, ಇನ್‌ಸ್ಟಂಟ್ ನೂಡಲ್ಸ್ ಎಲ್ಲ ಈ ಗುಂಪಿಗೇ ಸೇರುತ್ತವೆ.

ಬೆಳಗಿನ ಕಾಫಿಗೆ ಎರಡು ಬಿಸ್ಕತ್ತು, ಸಂಜೆ ಟೀಗೆ ರಸ್ಕ್, ಆಫೀಸಿನಿಂದ ಬರುವಾಗ ಒಂದು ಪಫ್, ವಾರದ ಕೊನೆಗೆ ಪರೋಟ. ಒಂದೊಂದೂ ಸಣ್ಣದು, ಒಟ್ಟು ಮಾಡಿದರೆ ಸಣ್ಣದಲ್ಲ, ಅಲ್ವಾ? ಟೀ ಜೊತೆಯ ಬಿಸ್ಕತ್ತಿನಿಂದಲೇ ಶುರು ಮಾಡಿ. ಆ ಜಾಗಕ್ಕೆ ಹುರಿಗಡಲೆ, ಬೇಯಿಸಿದ ಶೇಂಗಾ, ಉಸಲಿ, ಅಥವಾ ಮೊಸರಿಗೆ ಕಲಸಿದ ರಾಗಿ ಹುರಿಹಿಟ್ಟು ಬರಲಿ. ಹಬ್ಬದ ದಿನ ಹೋಳಿಗೆ ತಿನ್ನಿ, ಖುಷಿಯಾಗಿ ತಿನ್ನಿ. ಹಬ್ಬದ ತಿಂಡಿಯಿಂದ ಯಾರ ಆರೋಗ್ಯವೂ ಕೆಡುವುದಿಲ್ಲ, ದಿನದ ತಿಂಡಿಯಿಂದ ಕೆಡುತ್ತದೆ.

ಪ್ಯಾಕೆಟ್ ಕೊಳ್ಳುವಾಗ ಮುಂದಿನ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಯಾವ ಪದಾರ್ಥ ಹೆಚ್ಚಿದೆಯೋ ಅದನ್ನು ಮೊದಲು ಬರೆಯಬೇಕು ಎಂಬ ನಿಯಮವಿದೆ. ಮುಂದೆ "ಮಲ್ಟಿಗ್ರೇನ್" ಎಂದಿದ್ದು ಹಿಂದೆ ಮೊದಲ ಹೆಸರು "ರಿಫೈನ್ಡ್ ವೀಟ್ ಫ್ಲೋರ್" ಎಂದಿದ್ದರೆ ಅದು ಮೈದಾವೇ. ಬ್ರೆಡ್ಡಿನ ಕಂದು ಬಣ್ಣವನ್ನೂ ನಂಬಬೇಡಿ, ಕ್ಯಾರಮೆಲ್ ಹಾಕಿಯೂ ಆ ಬಣ್ಣ ತರಬಹುದು. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರು ಇಂಡಿಯನ್ ಸ್ಟೋರಿನ ಆಟಾ ಚೀಲದ ಮೇಲೂ "ನೂರಕ್ಕೆ ನೂರು ಹೋಲ್ ವೀಟ್" ಎಂದಿದೆಯೇ ಎಂದು ನೋಡಿಕೊಳ್ಳಿ.

ಹೆಜ್ಜೆ 6: ತಟ್ಟೆಯ ಉಳಿದ ಭಾಗ ತುಂಬಿ

ಧಾನ್ಯವನ್ನು ಮಾತ್ರ ಬದಲಿಸಿ ತಿಳಿಸಾರಿನಲ್ಲೇ ಊಟ ಮುಗಿಸಿದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಹೆಸರುಕಾಳಿನಲ್ಲಿ 100 ಗ್ರಾಂಗೆ ಸುಮಾರು 17 ಗ್ರಾಂ ನಾರಿದೆ. ಕಡಲೆಕಾಳಿನಲ್ಲಿ 25. ಯಾವ ಸಿರಿಧಾನ್ಯವೂ ಇದರ ಹತ್ತಿರಕ್ಕೆ ಬರುವುದಿಲ್ಲ. ಬಸ್ಸಾರು ಮಾಡುವವರ ಜಾಣತನ ನೋಡಿ: ಕಾಳು, ಸೊಪ್ಪು ಬೇಯಿಸಿ ಬಸಿದ ನೀರು ಸಾರಾಗುತ್ತದೆ, ಬಸಿದ ಕಾಳು ಸೊಪ್ಪು ಪಲ್ಯವಾಗುತ್ತದೆ. ಒಂದು ಚೂರೂ ಹಾಳಾಗುವುದಿಲ್ಲ. ಒಂದು ಮುದ್ದೆ, ಬಸ್ಸಾರು, ಒಂದು ದೊಡ್ಡ ಹಿಡಿ ಪಲ್ಯ, ಮಧ್ಯೆ ಯಾವಾಗಲಾದರೂ ಒಂದು ಸೀಬೆಹಣ್ಣು. ದಿನದ 25 ಗ್ರಾಂ ನಾರು ಹೆಚ್ಚುಕಡಿಮೆ ಇಷ್ಟರಲ್ಲೇ ಸಿಕ್ಕಿತು.

ಹೆಜ್ಜೆ 7: ನಿಧಾನವಾಗಿ, ನೀರು ಕುಡಿಯುತ್ತಾ

ನಾರು ಒಮ್ಮೆಗೇ ಏರಿದರೆ ಹೊಟ್ಟೆ ಉಬ್ಬರ, ಗ್ಯಾಸ್ ಬರುತ್ತದೆ. "ನನಗೆ ರಾಗಿ ಆಗಿಬರಲ್ಲ" ಎಂದು ಅಲ್ಲಿಗೇ ಬಿಟ್ಟುಬಿಡುವವರು ಎಷ್ಟೋ ಜನ. ಒಂದು ತಿಂಗಳು ತೆಗೆದುಕೊಂಡು ಏರಿಸಿ. ನೀರನ್ನು ಎಂದಿಗಿಂತ ಎರಡು ಲೋಟ ಜಾಸ್ತಿ ಕುಡಿಯಿರಿ. ನೀರಿಲ್ಲದೆ ನಾರು ಮಾತ್ರ ಜಾಸ್ತಿಯಾದರೆ ಮಲಬದ್ಧತೆ ಇನ್ನಷ್ಟು ಹೆಚ್ಚುತ್ತದೆ.

ಹೆಜ್ಜೆ 8: ಬೂಸ್ಟು ಹಿಡಿದದ್ದನ್ನು ಎಸೆಯಿರಿ

ಇದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ. ತೇವದಲ್ಲಿ ಇಟ್ಟ ಮೆಕ್ಕೆಜೋಳ, ಶೇಂಗಾ, ಇತರ ಕಾಳುಗಳ ಮೇಲೆ ಬೆಳೆಯುವ ಕೆಲವು ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಇದು ಯಕೃತ್ತಿನ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅನುಮಾನವೇ ಇಲ್ಲ. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಸೋಂಕು ಇರುವವರಿಗೆ ಅಪಾಯ ಹಲವು ಪಟ್ಟು. ತೊಳೆದರೆ, ಬೇಯಿಸಿದರೆ, ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಮಳೆಗಾಲದಲ್ಲಿ ಕಾಳನ್ನು ಬಿಸಿಲು ಕಂಡಾಗ ಒಣಗಿಸಿ, ಗಾಳಿಯಾಡದ ಒಣ ಡಬ್ಬಿಯಲ್ಲಿಡಿ. ಹಸಿರು ಕಪ್ಪು ಬೂಸ್ಟು ಕಂಡ, ಸುಕ್ಕಾದ, ಕಹಿ ಶೇಂಗಾ ಬೀಜವನ್ನು ಚಟ್ನಿಗೆ ಹಾಕಬೇಡಿ, ದನಕರುಗಳಿಗೂ ಹಾಕಬೇಡಿ. ಹಾಲಿನ ಮೂಲಕ ಅದು ನಮ್ಮ ಮನೆಗೇ ವಾಪಸ್ ಬರುತ್ತದೆ.

ಯಾರು ಮೊದಲು ಡಾಕ್ಟರನ್ನು ಕೇಳಬೇಕು?

ಕಿಮೋಥೆರಪಿಯಿಂದ ಭೇದಿ ಆಗುತ್ತಿರುವವರು, ಕಿಬ್ಬೊಟ್ಟೆಗೆ ರೇಡಿಯೇಷನ್ ತೆಗೆದುಕೊಳ್ಳುತ್ತಿರುವವರು, ಇತ್ತೀಚೆಗೆ ಕರುಳಿನ ಆಪರೇಷನ್ ಆದವರು, ಕರುಳು ಕಿರಿದಾಗಿರುವವರು ಈ ಹೆಜ್ಜೆಗಳನ್ನು ತಾವಾಗಿಯೇ ಶುರು ಮಾಡಬಾರದು. ಅವರಿಗೆ ಸ್ವಲ್ಪ ಕಾಲ ಮೆತ್ತಗಿನ ಬಿಳಿ ಅನ್ನವೇ ಸರಿಯಾದ ಊಟವಾಗಿರಬಹುದು. ಮನೆಗೆ ನೋಡಲು ಬಂದವರು "ಅನ್ನ ಕೊಡಬೇಡಿ, ನವಣೆ ಗಂಜಿ ಕೊಡಿ" ಎಂದು ಎಷ್ಟೇ ಒತ್ತಾಯ ಮಾಡಲಿ, ಆಸ್ಪತ್ರೆಯ ಆಹಾರ ತಜ್ಞರ ಮಾತೇ ಕೇಳಿ. ಗೋಧಿಯ ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಯವರಿಗೆ ರಾಗಿ, ಜೋಳ, ನವಣೆ ಸರಿಹೋಗುತ್ತವೆ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿಸಬಾರದು.

ತಂಬಾಕು, ಗುಟ್ಕಾ, ಮದ್ಯದ ವಿಷಯವನ್ನೂ ಇಲ್ಲೇ ಹೇಳಬೇಕು. ನಮ್ಮಲ್ಲಿ ಕ್ಯಾನ್ಸರಿಗೆ ಇವು ಕೊಡುವ ಪಾಲಿನ ಮುಂದೆ ಅಕ್ಕಿ, ಮೈದಾದ ಪಾಲು ಏನೇನೂ ಅಲ್ಲ. ಮನೆಯಲ್ಲಿ ಯಾರಾದರೂ ಇವುಗಳಲ್ಲಿದ್ದರೆ ಮೊದಲ ಹೆಜ್ಜೆ ಅಡುಗೆಮನೆಯಲ್ಲಲ್ಲ, ಅದನ್ನು ಬಿಡಿಸುವುದರಲ್ಲಿ.

ಎಷ್ಟೇ ಒಳ್ಳೆಯ ಊಟ ಮಾಡುತ್ತಿದ್ದರೂ ಮಲದಲ್ಲಿ ರಕ್ತ ಕಂಡರೆ, ಮಲವಿಸರ್ಜನೆಯ ರೀತಿ ಮೂರು ನಾಲ್ಕು ವಾರ ಬದಲಾಗಿಯೇ ಉಳಿದರೆ, ಕಾರಣವಿಲ್ಲದೆ ತೂಕ ಇಳಿದರೆ, ದೊಡ್ಡವರಲ್ಲಿ ರಕ್ತಹೀನತೆ ಕಂಡರೆ, ಪೈಲ್ಸ್ ಇರಬೇಕು ಎಂದು ಮನೆಮದ್ದು ಮಾಡುತ್ತಾ ಕೂರಬೇಡಿ. ಡಾಕ್ಟರಿಗೆ ತೋರಿಸಿ, ಬೇಕೆಂದರೆ ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿಕೊಳ್ಳಿ. ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿಯರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ, ತೊಂದರೆ ಏನೂ ಇಲ್ಲದಿದ್ದರೂ ಯಾವ ವಯಸ್ಸಿಗೆ ಪರೀಕ್ಷೆ ಶುರು ಮಾಡಬೇಕು ಎಂದು ಕೇಳಿಕೊಳ್ಳಿ. ಅವರಿಗೆ ಕಾಯಿಲೆ ಬಂದಾಗ ಎಷ್ಟು ವಯಸ್ಸಾಗಿತ್ತು ಎಂಬುದನ್ನೂ ಬರೆದುಕೊಂಡು ಹೋಗಿ, ಡಾಕ್ಟರ್ ಅದನ್ನೇ ಮೊದಲು ಕೇಳುತ್ತಾರೆ.